ಹನ್ನೊಂದನೇ ಪ್ರಶ್ನೆ

ಹಂಪನಕಟ್ಟೆಯಲ್ಲಿ ವಾಲ್ಟರ್ ಪೊರ್ಬುಗಳ ಝೆರಾಕ್ಸ್ ಅಂಗಡಿ,
ಅಲ್ಲಿ ನನಗೆ ಹದಿನಾಲ್ಕು ವರ್ಷದಿಂದ ಕೆಲಸ.
ಓದಿದ್ದು ಪಿಯುಸಿ, ಅದೂ ಅರ್ಧಕ್ಕೆ.
ಅಕ್ಷರ ಮಾತ್ರ ಚಂದ ಉಂಟು ಮಾರಾಯ್ರೆ,
ಮದುವೆ ಕಾಗದಕ್ಕೆ ವಿಳಾಸ ಬರೆಯಲು
ನನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ಹಾಗೆ ಬಂದವಳು ಬಂದರಿನ ಮಿಸ್ರಿಯಾ,
ಬಿಳಿ ಕೋಲನ್ನು ಟಕಟಕ ಮಡಚಿ ಚೀಲಕ್ಕೆ ಹಾಕುತ್ತ:
"ಬಿ.ಎ. ಪರೀಕ್ಷೆಗೆ ಬರೆಯುವವರು ಬೇಕು.
ನಾನು ಹೇಳುತ್ತೇನೆ, ನೀವು ಬರೆಯುತ್ತೀರಿ.
ಅಷ್ಟೇ ಕೆಲಸ."
ಆ ಅಷ್ಟೇ ಎಂಬುದು ನನ್ನ ಕಿವಿಗೆ ಬೀಳಲಿಲ್ಲ.
"ಹೋಗಿ ಬಾ ವಾಮನ, ಪುಣ್ಯದ ಕೆಲಸ,
ಸಂಬಳ ಕಡಿಯುವುದಿಲ್ಲ" ಎಂದರು ಪೊರ್ಬುಗಳು.

ಬೇರೆ ಕೋಣೆ. ಒಂದು ಫ್ಯಾನು, ನಾವಿಬ್ಬರು, ಒಬ್ಬರು ಮೇಷ್ಟ್ರು.
"ಇವರಿಗೆ ನೀರು ಬೇಕಾ?"
ಅವರು ಕೇಳಿದ್ದು ನನ್ನನ್ನು.
"ನನಗೆ ಬೇಡ ಸರ್," ಎಂದಳು ಅವಳು,
"ಇವರಿಗೆ ಬೇಕಾ ಗೊತ್ತಿಲ್ಲ. ಕೇಳಿ ನೋಡಿ."

ಹನ್ನೊಂದನೇ ಪ್ರಶ್ನೆ, ಒಂದೇ ಅಂಕದ್ದು:
ರಾಜ್ಯಸಭೆಯ ಸದಸ್ಯರ ಅವಧಿ ಎಷ್ಟು ವರ್ಷ?
ಬೆರಳಿನಿಂದ ಮೇಜನ್ನು ಎರಡು ಸಲ ತಟ್ಟಿ
"ಐದು" ಎಂದಳು.
ಆರು. ನನಗೆ ಗೊತ್ತು.
ಗೈಡಿನ ಆ ಪುಟದ ಕೆಳಗೆ
ಎಷ್ಟು ಸಾವಿರ ಸಲ ಹಸಿರು ಬೆಳಕು ಓಡಿಸಿದ್ದೇನೆ.
ಪೆನ್ನು ಒಂದು ಗಳಿಗೆ ನಿಂತಿತು.
ಅವಳ ಮುಖ ನೋಡಿದೆ.
ಪಾಪ ಅನಿಸಿತು.
ಆ ಪಾಪವೇ ನನ್ನ ಕೈ ಹಿಡಿದು ಬರೆಸಿತು:
ಆರು.

ಸ್ಟೇಟ್ ಬ್ಯಾಂಕಿನಿಂದ ಮನೆಗೆ ಬಸ್ಸಲ್ಲಿ
ಸೀಟು ಸಿಗದಿದ್ದರೂ
ಏನೋ ಸಿಕ್ಕಿದ ಹಾಗಿತ್ತು.

ಫಲಿತಾಂಶ ಬಂದ ಮೇಲೆ ಅವಳು ಬಂದಳು,
ಅರ್ಜಿ ಹಾಕಿ ತರಿಸಿದ ಉತ್ತರಪತ್ರಿಕೆ ಹಿಡಿದು.
"ಒಂದು ಪ್ರತಿ ತೆಗೆಯಿರಿ."
ನನ್ನದೇ ಅಕ್ಷರ ಯಂತ್ರದಿಂದ ಬಿಸಿಬಿಸಿ ಹೊರಬಂತು.
"ಈಗ ಓದಿ ವಾಮನಣ್ಣ, ಮೊದಲಿಂದ."
ಗಿರಾಕಿಗಳಿದ್ದರು. ಪೊರ್ಬುಗಳಿದ್ದರು.
ಹತ್ತರವರೆಗೆ ಸ್ವರ ನೆಟ್ಟಗೆ ಇತ್ತು.

ಐದು ಅಂತ ಓದಬಹುದಿತ್ತು.
ಅದು ಹೊಳೆಯಲೇ ಇಲ್ಲ ಅಂದರೆ ಸುಳ್ಳು.

"ಆರು."
"ನಾನು ಐದು ಅಂದಿದ್ದೆ."
"ಹೌದು."
"ಸರಿ ಯಾವುದು?"
"ಆರು."
ರಸ್ತೆಯಲ್ಲಿ ಎರಡು ಸಿಟಿ ಬಸ್ಸು ಒಂದನ್ನೊಂದು ಬೈದುಕೊಂಡು ಹೋದವು.

"ಐವತ್ತಮೂರು ಬಂದಿದೆ ಅಂತ ಉಮ್ಮ
ಓಣಿಗಿಡೀ ಹೇಳಿದ್ದಾರೆ.
ಅದರಲ್ಲಿ ನನ್ನದು ಎಷ್ಟು?"
"ಒಂದೇ ಒಂದು ಅಂಕ, ಮಿಸ್ರಿಯಾ..."
"ಉಳಿದ ಐವತ್ತೆರಡನ್ನು ಇನ್ನು ಯಾರನ್ನು ಕೇಳಿ ನಂಬಲಿ?"

"ಅವನು ಒಳ್ಳೆಯದೇ ಮಾಡಿದ್ದಲ್ವಾ ಮಗಾ" ಎಂದರು ಪೊರ್ಬುಗಳು.
ಅವಳು ಅತ್ತ ತಿರುಗಿದಳು:
"ನಿಮ್ಮ ತಪ್ಪು ನಿಮಗೇ ಉಳಿಯುತ್ತದೆ ಅಂಕಲ್.
ನನ್ನದನ್ನು ಮಾತ್ರ ಯಾರಾದರೂ ಬಂದು ಒರೆಸಿ ಹೋಗುತ್ತಾರೆ."
ಮೂವತ್ತೆರಡು ರೂಪಾಯಿ. ನಾಣ್ಯ ತಡವಿ ತಡವಿ ಎಣಿಸಿದಳು.
ದುಡ್ಡು ಬೇಡ ಎನ್ನಲು ಬಾಯಿ ತೆರೆದವನು
ಮುಚ್ಚಿದೆ.
ತೆಗೆದುಕೊಂಡೆ.

ಮುಂದಿನ ಪರೀಕ್ಷೆಗೆ ಮತ್ತೆ ಬಂದಳು.
"ಬೇರೆ ಯಾರೂ ಸಿಗಲಿಲ್ಲ," ಎಂದಳು,
"ಕ್ಷಮಿಸಿದ್ದೇನೆ ಅಂದುಕೊಳ್ಳಬೇಡಿ."

ಅದೇ ಕೋಣೆ, ಅದೇ ಫ್ಯಾನು. ಹೊರಗೆ ಜಡಿಮಳೆ.
ಗ್ರಾಮ ಪಂಚಾಯತುಗಳಿಗೆ ಬಲ ಕೊಟ್ಟ ತಿದ್ದುಪಡಿ?
"ಎಪ್ಪತ್ತನಾಲ್ಕನೆಯದು."
ಎಪ್ಪತ್ತಮೂರು, ಎಪ್ಪತ್ತಮೂರು, ಎಂದಿತು ಒಳಗೆ ಯಾರೋ.
ಬರೆದೆ. ಏಳು.
ಆಮೇಲೆ, ಸ್ವಲ್ಪ ತಡೆದು, ನಾಲ್ಕು.
ಆ ನಾಲ್ಕಕ್ಕೆ ಪಟ್ಟಷ್ಟು ಕಷ್ಟ
ಶಾಲೆಯ ಮೊದಲ ದಿನ ಅಕಾರಕ್ಕೂ ಪಟ್ಟಿರಲಿಲ್ಲ.

ಅವಳು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು.
"ಪೆನ್ನು ನಿಂತಿತು," ಎಂದಳು ಮೆಲ್ಲಗೆ.
"ಹೋದ ಸಲವೂ ಹೀಗೇ ನಿಂತಿತ್ತು, ಹನ್ನೊಂದರಲ್ಲಿ.
ಅದಕ್ಕೇ ನಿಮ್ಮಿಂದ ಓದಿಸಿದ್ದು."

ನಾನು ಸುಮ್ಮನಿದ್ದೆ.

"ಹಾಗೆ ನಿಲ್ಲಬೇಡಿ ವಾಮನಣ್ಣ.
ಅದೂ ಉತ್ತರ ಹೇಳಿಕೊಟ್ಟ ಹಾಗೆಯೇ.
ಈಗ ನನಗೆ ಗೊತ್ತಾಯಿತು ತಪ್ಪು ಅಂತ,
ಆದರೆ ತಿದ್ದುವುದಿಲ್ಲ.
ಮುಂದಿನ ಪ್ರಶ್ನೆ ಓದಿ."